ದಿನವೂ ಟ್ರಾಫಿಕ್‌ನಲ್ಲಿ ಸಿಲುಕುವವರಿಗೆ ಹೈಬ್ರಿಡ್ ಕಾರು ಲಾಭವೇ? ಇಲ್ಲಿದೆ ಲೆಕ್ಕಾಚಾರ

ಪುಣೆಯ ಹಿಂಜೇವಾಡಿಯಾಗಲಿ, ಮುಂಬೈನ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಆಗಲಿ, ಆಫೀಸ್ ವೇಳೆಯಲ್ಲಿ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಇಂಥ ಓಡಾಟಕ್ಕೆ ಲಕ್ಷಗಟ್ಟಲೆ ಹೆಚ್ಚು ಕೊಟ್ಟು ಹೈಬ್ರಿಡ್ ಕಾರು ಕೊಳ್ಳಬೇಕೇ?

ಸ್ಟ್ರಾಂಗ್ ಬೇರೆ, ಮೈಲ್ಡ್ ಬೇರೆ

ಸ್ಟ್ರಾಂಗ್ ಹೈಬ್ರಿಡ್ ಕಾರು ಕಡಿಮೆ ವೇಗದಲ್ಲಿ ಎಂಜಿನ್ ಆಫ್ ಮಾಡಿ ಬ್ಯಾಟರಿಯಲ್ಲೇ ಸಾಗಬಲ್ಲದು. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯ ಒಂದು ಭಾಗ ಬ್ಯಾಟರಿಗೆ ಮರಳುತ್ತದೆ. ಹೀಗಾಗಿ ಹೈವೇಗಿಂತ ನಗರದಲ್ಲೇ ಇದರ ಉಪಯೋಗ ಹೆಚ್ಚು. ಪ್ಲಗ್ ಹಾಕಿ ಚಾರ್ಜ್ ಮಾಡುವ ಅಗತ್ಯವಿಲ್ಲ. ಮೈಲ್ಡ್ ಹೈಬ್ರಿಡ್‌ನ ಪುಟ್ಟ ಮೋಟಾರ್ ಎಂಜಿನ್‌ಗೆ ನೆರವಾಗುತ್ತದೆ ಅಷ್ಟೇ. ಮಾರುತಿ ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್‌ಗೆ ಕಂಪನಿ ಹೇಳುವ ಮೈಲೇಜ್ ಲೀಟರ್‌ಗೆ 27.97 ಕಿ.ಮೀ.; ಮೈಲ್ಡ್ ಹೈಬ್ರಿಡ್ ಮ್ಯಾನ್ಯುವಲ್‌ಗೆ 21.11 ಕಿ.ಮೀ. ರಸ್ತೆಯಲ್ಲಿ ಎರಡೂ ಇದಕ್ಕಿಂತ ಕಡಿಮೆ ಕೊಡುತ್ತವೆ.

ಹಣ ವಾಪಸ್ ಯಾವಾಗ?

ವರ್ಷಕ್ಕೆ 12,000 ಕಿ.ಮೀ. ಓಡಾಟ, ಪೆಟ್ರೋಲ್ ಕಾರಿಗೆ 12, ಹೈಬ್ರಿಡ್‌ಗೆ 20 ಕಿ.ಮೀ. ಮೈಲೇಜ್ ಎಂದುಕೊಳ್ಳೋಣ. ಕ್ರಮವಾಗಿ 1,000 ಮತ್ತು 600 ಲೀಟರ್ ಪೆಟ್ರೋಲ್ ಬೇಕು. ಲೀಟರ್‌ಗೆ 100 ರೂ. ಹಿಡಿದರೆ ವರ್ಷದ ಉಳಿತಾಯ 40,000 ರೂ. ಬೆಲೆಯ ವ್ಯತ್ಯಾಸ 2.5 ಲಕ್ಷ ರೂ. ಇದ್ದರೆ ಅದು ಮರಳಲು 6 ವರ್ಷಕ್ಕೂ ಹೆಚ್ಚು ಬೇಕು. ಓಡಾಟ ಅರ್ಧವಾದರೆ 12 ವರ್ಷ ದಾಟುತ್ತದೆ.

ಕೊಳ್ಳುವ ಮುನ್ನ

ಬ್ಯಾಟರಿ ವಾರಂಟಿ ಎಷ್ಟು ವರ್ಷ ಎಂದು ಕೇಳಿ. ಕೆಲವು ಮಾದರಿಗಳಲ್ಲಿ ಬ್ಯಾಟರಿಯಿಂದಾಗಿ ಡಿಕ್ಕಿ ಚಿಕ್ಕದಾಗುತ್ತದೆ, ತೆರೆದು ನೋಡಿ. ಮನೆಯಲ್ಲೇ ಚಾರ್ಜಿಂಗ್ ಸೌಲಭ್ಯ ಇದ್ದವರು ಎಲೆಕ್ಟ್ರಿಕ್ ಕಾರನ್ನೂ ಹೋಲಿಸಬಹುದು. ಅಪಾರ್ಟ್‌ಮೆಂಟ್‌ನಲ್ಲಿ ಆ ಸೌಲಭ್ಯ ಇಲ್ಲದೆ, ದಿನಕ್ಕೆ 40 ಕಿ.ಮೀ. ಟ್ರಾಫಿಕ್‌ನಲ್ಲೇ ಓಡಾಡಿ, ಕಾರನ್ನು 7–8 ವರ್ಷ ಇಟ್ಟುಕೊಳ್ಳುವವರಿಗೆ ಸ್ಟ್ರಾಂಗ್ ಹೈಬ್ರಿಡ್ ಒಳ್ಳೆಯ ಆಯ್ಕೆ.