ಹಳೆಯ ಮನೆಯ ದುರಸ್ತಿಯೂ ಹುಳುಮನೆಯ ಸೆಖೆಯ ನಿವಾರಣೆಯೂ

(ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ರೈತರ ಉಪಯೋಗಕ್ಕಾಗಿ)

ಈ ಸೀಮೆಯ ರೈತನ ಮನೆಯೊಳಗೆ ಹೆಂಡಿರು ಮಕ್ಕಳೊಡನೆ ವರ್ಷದ ಧಾನ್ಯವೂ ಇರುವುದು. ಅನೇಕರ ಮನೆಗಳಲ್ಲಿ ರೇಷ್ಮೆಹುಳುವೂ ಇರುವುದು. 1956ನೆಯ ನವೆಂಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಆ ಪ್ರಾಂತದ ಹಿಪ್ಪುನೇರಳೆ ಬೇಸಾಯಕ್ಕೆ ಮುಖ್ಯ ನೆಲೆಯಾಗಿತ್ತು. ಈಗಿನ ಹನೂರು ತಾಲ್ಲೂಕು ಆಗ ಅದರೊಳಗೇ ಇದ್ದಿತು. ಹೀಗಿರುವಲ್ಲಿ ಮನೆಯ ದೋಷವು ಬೆಳೆಯ ದೋಷವೂ ಆಗಿ ಪರಿಣಮಿಸುವುದು ಸಹಜ. ಮಾರ್ಚಿಯಿಂದ ಮೇ ತಿಂಗಳವರೆಗೆ ಚಾವಣಿಯ ಮೂಲಕ ಸೆಖೆಯೂ, ಸೆಪ್ಟೆಂಬರ್ ಅಕ್ಟೋಬರ್ ಮಳೆಗಳಲ್ಲಿ ನೆಲದ ಮೂಲಕ ತೇವವೂ ಮನೆಯನ್ನು ಹೊಗುವುವು. ಇವೆರಡನ್ನೂ ತಡೆಯುವ ಉಪಾಯಗಳು ಬಹು ಖರ್ಚಿನವಲ್ಲ. ಆದರೆ ಅವುಗಳನ್ನು ಕ್ರಮವರಿತು ಮಾಡತಕ್ಕದ್ದು.

ಮೊದಲು ನೀರು

ಮಣ್ಣಿನ ಗೋಡೆಗೆ ನೀರಿಗಿಂತ ದೊಡ್ಡ ಶತ್ರುವಿಲ್ಲ. ಬೀದಿಗೆ ವರ್ಷವರ್ಷವೂ ಮಣ್ಣು ಜಲ್ಲಿ ಬಿದ್ದು ಅದು ಎತ್ತರವಾಗುತ್ತ ಬಂದು, ಹಳೆಯ ಮನೆಗಳ ನೆಲವು ಬೀದಿಗಿಂತ ತಗ್ಗಾಗಿರುವುದು ಎಷ್ಟೋ ಗ್ರಾಮಗಳಲ್ಲಿ ಕಂಡುಬರುವುದು. ಆಗ ಮಳೆಯ ನೀರು ಗೋಡೆಯ ಬುಡದಲ್ಲೇ ನಿಲ್ಲುವುದು. ಅದನ್ನು ಮಣ್ಣು ದೀಪದ ಬತ್ತಿಯು ಎಣ್ಣೆಯನ್ನು ಹೀರುವಂತೆ ಹೀರಿ ಮೇಲಕ್ಕೆ ಏರಿಸುವುದು. ಬುಡದಲ್ಲಿ ಬಿಳಿಯ ಚೌಳು ಹೂವಿನಂತೆ ಏಳುವುದೂ, ಗಿಲಾವು ಉದುರುವುದೂ, ಗೆದ್ದಲು ಹತ್ತುವುದೂ ಇದರ ಚಿಹ್ನೆಗಳು.

ಆದುದರಿಂದ ಗೋಡೆಯನ್ನು ಮುಟ್ಟುವುದಕ್ಕೆ ಮೊದಲು ಅದರ ಸುತ್ತಲೂ 6 ಅಡಿಗೆ 3 ಅಂಗುಲದಷ್ಟು ಹೊರಗೆ ಇಳಿಜಾರು ಮಾಡಿ, ಚರಂಡಿ ತೆಗೆಯಬೇಕು. ಸೂರು ಗೋಡೆಯಿಂದ 2 ಅಡಿಯಾದರೂ ಮುಂದೆ ಚಾಚಿರಬೇಕು. ಬಚ್ಚಲ ನೀರೂ ದನಗಳ ತೊಟ್ಟಿಯೂ ಗೋಡೆಗೆ ತಾಗಿರಲಾಗದು.

ಗೋಡೆಯ ದುರಸ್ತಿ

ಹಳೆಯ ಮಣ್ಣುಗೋಡೆ ಉದುರತೊಡಗಿದೊಡನೆ ಅದಕ್ಕೆ ಸಿಮೆಂಟಿನ ಗಿಲಾವು ಮಾಡಿಸುವುದು ಈಗ ಸಾಮಾನ್ಯವಾಗಿದೆ. ಇದು ದೊಡ್ಡ ತಪ್ಪು. ಮಣ್ಣುಗೋಡೆಯು ಒಳಗಿನ ತೇವವನ್ನು ಮೈಯಿಂದ ಗಾಳಿಗೆ ಬಿಟ್ಟು ಒಣಗುವ ಸ್ವಭಾವವುಳ್ಳದ್ದು. ಸಿಮೆಂಟು ಆ ದಾರಿಯನ್ನು ಮುಚ್ಚುವುದು. ತೇವವು ಒಳಗೇ ನಿಂತು, ಹೊರಗೆ ಗಟ್ಟಿಯಾಗಿ ತೋರುವ ಗೋಡೆಯ ಹೊಟ್ಟೆಯು ಕೆಸರಾಗಿ, ಒಂದು ಮಳೆಯ ರಾತ್ರಿ ಅದು ಕುಸಿಯಬಹುದು. ಸಡಿಲವಾದ ಸಿಮೆಂಟನ್ನು ಕೆತ್ತಿ, ಗೋಡೆಯನ್ನು ಬೇಸಿಗೆಯಲ್ಲಿ ಚೆನ್ನಾಗಿ ಒಣಗಲು ಬಿಟ್ಟು, ಕೆಮ್ಮಣ್ಣು, ಮರಳು, ಕತ್ತರಿಸಿದ ಹುಲ್ಲು, ಸಗಣಿ ಇವುಗಳನ್ನು ಕಲಸಿ ಕೆಲವು ದಿನ ಕೊಳೆಯಿಸಿ ಮೆತ್ತಿ, ಮೇಲೆ ಸುಣ್ಣ ಬಳಿಯತಕ್ಕದ್ದು.

ಬಿರುಕು ಕಂಡಲ್ಲಿ ಅದಕ್ಕೆ ಅಡ್ಡಲಾಗಿ ಸುಣ್ಣದ ತೇಪೆಯೊಂದನ್ನು ಹಾಕಿ ತಾರೀಖನ್ನು ಬರೆದಿಡಬೇಕು. ತೇಪೆಯು ಮತ್ತೆ ಸೀಳಿದರೆ ಗೋಡೆಯು ಇನ್ನೂ ಚಲಿಸುತ್ತಿದೆಯೆಂದು ತಿಳಿಯಬೇಕು. ಅಂಥ ಗೋಡೆಯನ್ನಾಗಲಿ, ತೂಗುಗುಂಡು ಬಿಟ್ಟು ನೋಡಿದಾಗ ವಾಲಿರುವ ಗೋಡೆಯನ್ನಾಗಲಿ ಗಿಲಾವಿನಿಂದ ಮರೆಮಾಡಕೂಡದು; ತೊಲೆಗೆ ಆಧಾರ ಕೊಟ್ಟು, ಕೆಡವಿ ಕಟ್ಟಬೇಕು.

ಚಾವಣಿಯ ಸೆಖೆ

ನಾಡಹೆಂಚಿನ ಚಾವಣಿಯಲ್ಲಿ ಸಂದುಗಳ ಮೂಲಕ ಬಿಸಿಗಾಳಿ ಹೊರಕ್ಕೆ ಹೋಗುವುದು. ಹೆಂಚು ಒಡೆಯಿತೆಂದು ಅದನ್ನೆಲ್ಲಾ ತೆಗೆದು ತಗಡನ್ನೋ ಸಿಮೆಂಟ್ ಶೀಟನ್ನೋ ಹಾಕಿದವರು ಸೋರುವಿಕೆಯಿಂದ ಪಾರಾಗಿ ಸೆಖೆಗೆ ಸಿಕ್ಕಿಬೀಳುವರು. ತೊಲೆ ಜಂತೆಗಳು ಗಟ್ಟಿಯಾಗಿದ್ದರೆ ಒಡೆದ ಹೆಂಚುಗಳನ್ನು ಮಾತ್ರ ಬದಲಾಯಿಸುವುದು ಲೇಸು.

ಈಗಾಗಲೇ ಶೀಟು ಇರುವವರು ಮೂರು ಉಪಾಯಗಳನ್ನು ಅನುಸರಿಸಬಹುದು. ಮೊದಲನೆಯದು, ಬೇಸಿಗೆಗೆ ಮುಂಚೆ ಮೇಲ್ಮೈಗೆ ಅಂಟು ಬೆರೆಸಿದ ಸುಣ್ಣವನ್ನು ಎರಡು ಸಾರಿ ಬಳಿಯುವುದು. ಬಿಳಿಯ ಮೈ ಬಿಸಿಲನ್ನು ಹಿಂದಕ್ಕೆ ಕಳುಹಿಸುವುದು. ಎರಡನೆಯದು, ಶೀಟಿನ ಕೆಳಗೆ ಒಂದಡಿ ಜಾಗ ಬಿಟ್ಟು ಬಿದಿರಿನ ತಟ್ಟಿಯನ್ನು ಕಟ್ಟಿ, ಆ ಸಂದಿನ ಎರಡು ಕೊನೆಗಳನ್ನೂ ಗಾಳಿಗೆ ತೆರೆದಿಡುವುದು. ಮೂರನೆಯದು, ಮೇಲೆ ತೆಂಗಿನ ಗರಿ ಹೊದಿಸುವುದು. ಇದು ಬೆಂಕಿಗೆ ಸುಲಭವಾಗಿ ಸಿಕ್ಕುವುದಾದ್ದರಿಂದ ಅಡಿಗೆಮನೆಯ ಮಗ್ಗುಲಲ್ಲಿ ಕೂಡದು. ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುವುದರಿಂದ ಅವುಗಳನ್ನು ಒಣಗಿದಾಗ ಕುಯ್ಯುವುದಾಗಲಿ, ಉಜ್ಜುವುದಾಗಲಿ, ಒಡೆಯುವುದಾಗಲಿ ಕೂಡದು; ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಶೀಟಿನ ಮೇಲೆ ನೇರವಾಗಿ ಕಾಲಿಡದೆ ಹಲಗೆ ಹಾಸಿಕೊಂಡು ಕೆಲಸ ಮಾಡತಕ್ಕದ್ದು.

ಹುಳುಮನೆ

ರೇಷ್ಮೆಹುಳುವಿಗೆ ಸಾಮಾನ್ಯವಾಗಿ 24ರಿಂದ 28 ಡಿಗ್ರಿ ಸೆಂಟಿಗ್ರೇಡ್ ಶಾಖವೂ, ಶೇಕಡ 70ರಿಂದ 85ರಷ್ಟು ಗಾಳಿಯ ತೇವವೂ ಹಿತಕರ. ಬಲಿತ ಹುಳುವಿಗೆ ಇವೆರಡೂ ಕೆಳಮಟ್ಟದಲ್ಲಿರಬೇಕು. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇಕಡ 80ಕ್ಕೂ ಹೆಚ್ಚು ಭಾಗವನ್ನು ನಾಲ್ಕನೆಯ ಜ್ವರದಿಂದ ಎದ್ದಮೇಲೆ, ಸುಮಾರು ಒಂದು ವಾರದಲ್ಲಿ ತಿನ್ನುವುದು. ಸೆಖೆಯಿಂದ ಹಾಲುತೊಂಡೆಯೋ, ಗಾಳಿಯಿಲ್ಲದ ಸೆಖೆ ತೇವಗಳಿಂದ ಸಪ್ಪೆರೋಗವೋ, ತಣ್ಣನೆಯ ಜಡಿಮಳೆಯಲ್ಲಿ ಸುಣ್ಣಕಟ್ಟೋ ಆ ವಾರದಲ್ಲಿ ತಗುಲಿದರೆ, ಸೊಪ್ಪೂ ಕೂಲಿಯೂ ಖರ್ಚಾದ ಮೇಲೆ ಗೂಡು ಕೈಗೆ ಬಾರದೆ ರೈತನು ಸಾಲಕ್ಕೆ ಬೀಳುವನು.

ಆದುದರಿಂದ ಹುಳುಮನೆಯ ಉದ್ದವು ಪೂರ್ವ ಪಶ್ಚಿಮವಾಗಿರಬೇಕು. ಹೀಗಿದ್ದರೆ ಉದ್ದದ ಗೋಡೆಗಳಿಗೆ ಬಿಸಿಲು ಕಡಿಮೆ. ಎದುರುಬದುರು ಕಿಟಕಿಗಳೂ, ಸೂರಿನ ಕೆಳಗೆ ಗವಾಕ್ಷಿಗಳೂ ಇರಬೇಕು. 1980ರಲ್ಲಿ ಕರ್ನಾಟಕಕ್ಕೆ ಬಂದ ಊಜಿನೊಣಕ್ಕೆ ಹೆದರಿ ಅವುಗಳನ್ನು ಮುಚ್ಚುವುದು ಸರಿಯಲ್ಲ. ನೈಲಾನ್ ಬಲೆ ಹೊಡೆಯತಕ್ಕದ್ದು. ಒಣಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿಯನ್ನು ಕಟ್ಟಬಹುದು. ಮಳೆಗಾಲದಲ್ಲಿ ಅದು ಹಾನಿಕರ. ಪಶ್ಚಿಮಕ್ಕೆ ಹೊಂಗೆಯ ಗಿಡಗಳನ್ನು ನೆಡುವುದು ಒಳ್ಳೆಯದು. ಶಾಖಮಾಪಕವನ್ನು ತಟ್ಟೆಯ ಎತ್ತರದಲ್ಲಿ ತೂಗುಹಾಕಿ ಬೆಳಿಗ್ಗೆ, ಮಧ್ಯಾಹ್ನ 2 ಗಂಟೆಗೆ ಮತ್ತು ರಾತ್ರಿ ಬರೆದಿಟ್ಟರೆ, ಮಾಡಿದ ಉಪಾಯದಿಂದ ಎಷ್ಟು ಫಲವಾಯಿತೆಂಬುದು ಊಹೆಯಿಲ್ಲದೆ ತಿಳಿಯುವುದು.

ಚಳಿಗಾಲದಲ್ಲಿ ಇದ್ದಿಲ ಒಲೆಯಿಟ್ಟು ಬಾಗಿಲು ಮುಚ್ಚಿ ಅಲ್ಲೇ ಮಲಗುವುದು ಪ್ರಾಣಾಪಾಯಕರ. ಇದ್ದಿಲಿನಿಂದ ಬರುವ ವಿಷದ ಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಹೊಸದಾಗಿ ಕಟ್ಟುವವರಿಗೆ

ಎರೆಭೂಮಿಯು ನೆನೆದರೆ ಉಬ್ಬಿ ಒಣಗಿದರೆ ಬಿರಿಯುವುದರಿಂದ, ಅಲ್ಲಿ ಬಿರುಕು ಬಿಡದ ಗಟ್ಟಿಪದರದವರೆಗೆ ಅಗೆದು ತಳಪಾಯ ಹಾಕಬೇಕು. ಕೆಂಪು ಮರಳುಮಣ್ಣು ಇರುವಲ್ಲಿ, ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಗಳು ಉಪಯುಕ್ತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಇವುಗಳನ್ನು ಬಳಕೆಗೆ ತಂದಿತು. ಇವನ್ನು ಸುಡಬೇಕಾಗಿಲ್ಲ, ಸೌದೆ ಉಳಿಯುವುದು. ಕಾವೇರಿಯ ದಡದ ದಾಸನಪುರ, ಮುಳ್ಳೂರು ಮೊದಲಾದ ಗ್ರಾಮಗಳು 2018 ಮತ್ತು 2019ರ ಪ್ರವಾಹಗಳನ್ನು ಕಂಡಿವೆ. ಅಂಥಲ್ಲಿ ನೀರು ಬಂದ ಗುರುತಿಗಿಂತ ನೆಲವನ್ನು ಎತ್ತರಿಸಿ, ಆ ಮಟ್ಟದವರೆಗೆ ಕಲ್ಲಿನಿಂದಲೇ ಕಟ್ಟತಕ್ಕದ್ದು.

ಗ್ರಾಮದ ಯಜಮಾನರ ಕರ್ತವ್ಯ

ಗ್ರಾಮದ ಮುಖ್ಯಸ್ಥರು ಮುಂಗಾರಿಗೆ ಮುಂಚೆ ಒಮ್ಮೆ, ಸೆಪ್ಟೆಂಬರ್ ಮಳೆಗೆ ಮುಂಚೆ ಇನ್ನೊಮ್ಮೆ ಮನೆಮನೆಯ ಗೋಡೆಗಳನ್ನು ನೋಡುವುದು ಉಚಿತ. ಒಬ್ಬನ ಮನೆಯ ಚರಂಡಿ ನೀರು ಇನ್ನೊಬ್ಬನ ಗೋಡೆಗೆ ಹೋಗುವಲ್ಲಿ ಅವರ ಮಾತೇ ನಡೆಯಬೇಕಾದದ್ದು. ವಾಲಿದ ಗೋಡೆಯ ಕೆಳಗೆ ಮಲಗುವ ವೃದ್ಧರನ್ನೂ ಮಕ್ಕಳನ್ನೂ ಜಡಿಮಳೆಯ ದಿನಗಳಲ್ಲಿ ಶಾಲೆಗೋ ಛತ್ರಕ್ಕೋ ಕಳುಹಿಸತಕ್ಕದ್ದು. ಬಿದ್ದ ಗೋಡೆಯನ್ನು ಮರಳಿ ಕಟ್ಟಬಹುದು. ಅದರಡಿಯಲ್ಲಿ ಹೋದ ಜೀವವನ್ನು ತರಲಾಗದು.