ಅಮೆರಿಕದ ವಿಮಾನೋದ್ಯಮದಲ್ಲಿ ಇಂಟರ್ನ್‌ಶಿಪ್: ಯಾವ ವೀಸಾ?

ಪ್ರಶ್ನೆ: ಏರೋನಾಟಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ತಾತ್ಕಾಲಿಕ ವೀಸಾದಲ್ಲಿ ಅಮೆರಿಕಕ್ಕೆ ಹೋಗಿ ಇಂಟರ್ನ್‌ಶಿಪ್ ಮಾಡಬಹುದೇ?

ಉತ್ತರ: ಮಾಡಬಹುದು. ಅದಕ್ಕಿರುವ ಮುಖ್ಯ ದಾರಿ ಜೆ-1 ವೀಸಾ. ಕಾಲೇಜಿನಲ್ಲಿ ಓದುತ್ತಿರುವವರಿಗೆ, ಇಲ್ಲವೇ ಪದವಿ ಮುಗಿಸಿ 12 ತಿಂಗಳು ದಾಟದವರಿಗೆ ಇದು ಗರಿಷ್ಠ ಒಂದು ವರ್ಷ ಸಿಗುತ್ತದೆ. ಕಂಪನಿ ಒಪ್ಪಿದ ಮಾತ್ರಕ್ಕೆ ಮುಗಿಯಲಿಲ್ಲ. ಅಲ್ಲಿನ ವಿದೇಶಾಂಗ ಇಲಾಖೆ ಮಾನ್ಯ ಮಾಡಿದ ಪ್ರಾಯೋಜಕ ಸಂಸ್ಥೆಯೊಂದು ನಿಮ್ಮ ತರಬೇತಿ ಯೋಜನೆಯನ್ನು ಒಪ್ಪಿ ಡಿಎಸ್-2019 ಪತ್ರ ಕೊಡಬೇಕು. ಅದು ಕೈಸೇರದೆ ವೀಸಾ ಸಂದರ್ಶನಕ್ಕೆ ಹೋಗಿ ಪ್ರಯೋಜನವಿಲ್ಲ.

ನಿಜವಾದ ಕಗ್ಗಂಟು ಬೇರೆಯೇ ಇದೆ. ರಕ್ಷಣಾ ತಂತ್ರಜ್ಞಾನದ ರಫ್ತನ್ನು ನಿಯಂತ್ರಿಸುವ ‘ಐಟಾರ್’ ನಿಯಮಗಳ ಪ್ರಕಾರ, ಅಮೆರಿಕದ ನೆಲದಲ್ಲೇ ವಿದೇಶಿಯೊಬ್ಬನಿಗೆ ಯುದ್ಧವಿಮಾನದ ತಾಂತ್ರಿಕ ನಕ್ಷೆ ತೋರಿಸಿದರೂ ಅದು ರಫ್ತೇ! ಅದಕ್ಕೆ ಪರವಾನಗಿ ಬೇಕು. ಈ ರಗಳೆ ಬೇಡವೆಂದು ಎಷ್ಟೋ ಕಂಪನಿಗಳು ಜಾಹೀರಾತಿನಲ್ಲೇ ‘ಯು.ಎಸ್. ಪರ್ಸನ್’ ಮಾತ್ರ ಎಂದು ಬರೆದಿರುತ್ತವೆ. ಅಂದರೆ ಅಲ್ಲಿನ ಪ್ರಜೆಗಳು, ಗ್ರೀನ್ ಕಾರ್ಡ್ ಉಳ್ಳವರು ಮತ್ತು ಆಶ್ರಯ ಪಡೆದವರು. ಆ ಸಾಲು ಕಂಡರೆ ಅರ್ಜಿ ಹಾಕಿ ಕಾಲ ಕಳೆಯಬೇಡಿ. ವಿಮಾನ ನಿಲ್ದಾಣ ನಿರ್ವಹಣೆ, ನಾಗರಿಕ ವಿಮಾನಯಾನದ ಕಾರ್ಯಾಚರಣೆ, ವೇಳಾಪಟ್ಟಿ ಯೋಜನೆ ಇಂಥ ಕಡೆ ಹುಡುಕುವುದೇ ಜಾಣತನ.

ವಿಮಾನ ಹಾರಿಸಲು ಕಲಿಯುವ ಆಸೆಯಿದ್ದರೆ ಜೆ-1 ಆಗದು. ಜೆ-1ರಲ್ಲಿದ್ದ ಹಾರಾಟ ತರಬೇತಿಯ ವರ್ಗವನ್ನು 2010ರಲ್ಲೇ ನಿಲ್ಲಿಸಿದ್ದಾರೆ. ಅದಕ್ಕೆ ಎಂ-1 ಅಥವಾ ಎಫ್-1 ವಿದ್ಯಾರ್ಥಿ ವೀಸಾ ಬೇಕು.