ಕೆಂಪು ಶಾಯಿಯ ಪಕ್ಕ ಒಂದು ಚೀಟಿ

ಅಮೆರಿಕದ ಕನೆಕ್ಟಿಕಟ್‌ ರಾಜ್ಯದ ಒಂದು ಶಾಲೆ. ಏಳನೇ ತರಗತಿಯ 44 ಮಕ್ಕಳು. ಅರ್ಧ ಕಪ್ಪುವರ್ಣೀಯರು, ಅರ್ಧ ಬಿಳಿಯರು. ತಮ್ಮ ಮೆಚ್ಚಿನ ವ್ಯಕ್ತಿಯ ಬಗ್ಗೆ ಅವರೆಲ್ಲ ಒಂದೊಂದು ಪ್ರಬಂಧ ಬರೆದರು. ಟೀಚರ್‌ಗಳು ಎಂದಿನಂತೆ ತಿದ್ದಿದರು. ಆಮೇಲೆ ಸಂಶೋಧಕರು ಪ್ರತಿ ಹಾಳೆಗೂ ಟೀಚರ್ ಕೈಬರಹದ್ದೇ ಒಂದು ಚೀಟಿ ಅಂಟಿಸಿದರು. ಕೆಲವು ಚೀಟಿಗಳಲ್ಲಿ ‘ತಿದ್ದಿದ್ದೇನೆ, ನೋಡಿಕೋ’ ಎಂಬಷ್ಟೇ ಒಣಮಾತು. ಉಳಿದವುಗಳಲ್ಲಿ, ನಿನ್ನಿಂದ ಬಹಳ ನಿರೀಕ್ಷಿಸುತ್ತೇನೆ, ಅದು ನಿನ್ನ ಕೈಲಾಗುತ್ತದೆಂದು ಗೊತ್ತು, ಅದಕ್ಕೇ ಇಷ್ಟು ತಿದ್ದಿದೆ ಎಂಬರ್ಥದ ಮಾತು. ಯಾರಿಗೆ ಯಾವುದು ಹೋಯಿತೆಂದು ಟೀಚರ್‌ಗಳಿಗೇ ತಿಳಿಯದು. ಬೇಕೆನಿಸಿದವರು ವಾರದೊಳಗೆ ಮತ್ತೆ ಬರೆದು ಕೊಡಬಹುದಿತ್ತು.

ಒಣ ಚೀಟಿ ಸಿಕ್ಕ ಕಪ್ಪುವರ್ಣೀಯ ಮಕ್ಕಳಲ್ಲಿ ಮತ್ತೆ ಬರೆದವರು ಶೇ 17. ಇನ್ನೊಂದು ಚೀಟಿ ಸಿಕ್ಕವರಲ್ಲಿ ಶೇ 72! ಬಿಳಿಯ ಮಕ್ಕಳಾದರೋ ಒಣ ಚೀಟಿಗೇ ಶೇ 62ರಷ್ಟು ಮಂದಿ ಮತ್ತೆ ಪೆನ್ನು ಹಿಡಿದಿದ್ದರು. ಮನೋವಿಜ್ಞಾನಿಗಳಾದ ಡೇವಿಡ್ ಯೇಗರ್, ಜೆಫ್ರಿ ಕೋಹೆನ್ ಮತ್ತಿತರರು ಇದನ್ನು ಪ್ರಕಟಿಸಿದ್ದು 2014ರಲ್ಲಿ. ಗುಂಪು ಚಿಕ್ಕದು, ನಿಜ. ಆದರೂ ಆ ಶೇ 17 ನನ್ನನ್ನು ಕಾಡುತ್ತದೆ. ಅದನ್ನು ಸೋಮಾರಿತನ ಎನ್ನಲಾಗದು. ಈ ಕೆಂಪು ಶಾಯಿ ನನ್ನ ಬರಹಕ್ಕೋ, ನನ್ನ ಬಣ್ಣಕ್ಕೋ ಎಂಬ ಅನುಮಾನ ಅದು. ಬಿಳಿಯ ಹುಡುಗನಿಗೆ ಆ ಪ್ರಶ್ನೆಯೇ ಏಳುವುದಿಲ್ಲ.

ಅನುಮಾನಕ್ಕೆ ಆಧಾರವೂ ಇದೆ. 2017–18ರಲ್ಲಿ ಇಡೀ ಅಮೆರಿಕದ ಸರ್ಕಾರಿ ಶಾಲಾಮಕ್ಕಳಲ್ಲಿ ಕಪ್ಪುವರ್ಣೀಯರು ಸುಮಾರು ಶೇ 15. ಸಸ್ಪೆಂಡ್ ಆಗಿ ಮನೆಗೆ ಹೋದವರಲ್ಲಿ ಶೇ 38. ಹನ್ನೆರಡು–ಹದಿಮೂರರ ಮಕ್ಕಳು ಇದನ್ನು ಅಂಕಿಅಂಶವಾಗಿ ಓದುವುದಿಲ್ಲ, ಪಕ್ಕದ ಬೆಂಚು ಖಾಲಿಯಾಗುವುದನ್ನು ನೋಡುತ್ತಾರೆ. ಯೇಗರ್ ತಂಡದ 2017ರ ಅಧ್ಯಯನದ ಪ್ರಕಾರ, ಏಳನೇ ತರಗತಿಯಲ್ಲಿ ಶಾಲೆಯ ಮೇಲಿನ ನಂಬಿಕೆ ಕಳೆದುಕೊಂಡ ಕಪ್ಪುವರ್ಣೀಯ ಮಕ್ಕಳು ಮುಂದೆ ನಾಲ್ಕು ವರ್ಷದ ಕಾಲೇಜು ಸೇರುವ ಸಾಧ್ಯತೆಯೂ ಕಡಿಮೆ.

ಈ ಅಪನಂಬಿಕೆಗೆ ಹಿನ್ನೆಲೆಯೂ ಇದೆ. ಅಮೆರಿಕದ ಸುಪ್ರೀಂ ಕೋರ್ಟಿನ 1954ರ ಬ್ರೌನ್ ತೀರ್ಪು ಬಣ್ಣದ ಆಧಾರದ ಮೇಲೆ ಶಾಲೆಗಳನ್ನು ಬೇರೆಬೇರೆ ಇಡುವುದು ಸಂವಿಧಾನಬಾಹಿರ ಎಂದಿತು. ದಕ್ಷಿಣದ ರಾಜ್ಯಗಳಲ್ಲಿ ಶಾಲೆಗಳು ಒಂದಾಗುವಾಗ ಕೆಲಸ ಕಳೆದುಕೊಂಡವರು ಸಾವಿರಾರು ಕಪ್ಪುವರ್ಣೀಯ ಶಿಕ್ಷಕರು. ಅಂಥ ಚೀಟಿಯಿಲ್ಲದೆಯೂ ಮಕ್ಕಳು ನಂಬುತ್ತಿದ್ದವರು.

ಬಣ್ಣ ನೋಡಿ ನಿರೀಕ್ಷೆ ಕಟ್ಟುವುದು ಅಲ್ಲಿಗಷ್ಟೇ ಸೀಮಿತವಲ್ಲ. ನಮ್ಮಲ್ಲೂ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ, ಹಳಿಯಾಳ–ಯಲ್ಲಾಪುರದ ಕಾಡಂಚಿನಲ್ಲಿ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಅವರ ಮಕ್ಕಳನ್ನು ಆರಿಸಿ ಹಾಸ್ಟೆಲ್ಲುಗಳಿಗೆ ಕರೆದೊಯ್ದಿತು. ಹುಡುಕಿದ್ದು ಕ್ರೀಡಾಪಟುಗಳನ್ನು. 1990ರ ದಶಕದಲ್ಲಿ ಯೋಜನೆ ನಿಂತಾಗ ಅವರಲ್ಲಿ ಅನೇಕರು ಊರಿಗೆ ಮರಳಿದರು.